ಬೇರೆಯವರ ಅಳತೆಯ ರವಿಕೆ

ನಮ್ಮ ಎದುರುಮನೆಯ ಟೀಚರಮ್ಮನವರಿಗೆ ಒತ್ತಕ್ಷರವೆಂದರೆ ಪ್ರಾಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ‘ಕತ್ತೆ’ಯ ಕೆಳಗಿನ ತ ಒತ್ತು ಮರೆತು ‘ಕತೆ’ ಎಂದು ಬರೆದ ಮಗುವನ್ನು ನಿಲ್ಲಿಸಿ, “ಏನಪ್ಪಾ, ನಿನ್ನ ಅಗಸ ಕತೆಯ ಮೇಲೆ ಬಟ್ಟೆ ಹೇರಿಕೊಂಡು ಹೋದನೋ?” ಎಂದು ಕೇಳಿ ಇಡೀ ತರಗತಿಯನ್ನು ನಗಿಸುತ್ತಿದ್ದರಂತೆ. ಅಂಥವರು 2023ರ ಶ್ರಾವಣದ ಒಂದು ಮಧ್ಯಾಹ್ನ ನನ್ನನ್ನು ಕರೆದು, ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿ, “ನೋಡೇ, ನನಗೆ ಕನ್ನಡ ಓದುವುದೇ ಮರೆತುಹೋಯಿತೋ ಏನೋ” ಎಂದರು. ನನಗೆ ನಗು ಬರಲಿಲ್ಲ. ಏಕೆಂದರೆ ಅವರು ತೋರಿಸಿದ್ದು ನಮ್ಮದೇ ಮಹಿಳಾ ಸಮಾಜದ ಜಾಲತಾಣವನ್ನು. ಆ ಸಮಾಜದ ಕಾರ್ಯದರ್ಶಿಯೆಂದು ಮೆರೆಯುತ್ತಿದ್ದವಳು ನಾನು.

ತಿಂಗಳ ಹಿಂದಷ್ಟೇ ದೀಪ ಹಚ್ಚಿ, ಕೇಸರಿಭಾತು ಹಂಚಿ, ಆ ತಾಣವನ್ನು ಉದ್ಘಾಟಿಸಿದ್ದೆವು. ಪುಟದ ತಲೆಯ ಮೇಲೆ ಒಂದು ಸಾಲು ಮೆನು. ಹೋಟೆಲಿನ ಮೆನುವಿನಂತೆಯೇ ಇದೂ. ಯಾವುದು ಬೇಕೋ ಅದರ ಮೇಲೆ ಬೆರಳಿಟ್ಟರೆ ಆ ಪುಟ ಬರುತ್ತದೆ. ಮುಖಪುಟ, ನಮ್ಮ ಬಗ್ಗೆ, ಸ್ತ್ರೀ ಆರೋಗ್ಯ, ಅಡುಗೆ, ಕಾರ್ಯಕ್ರಮಗಳು, ಅಭಿಪ್ರಾಯ, ಹೀಗೆ ಆರು. ಟೀಚರಮ್ಮನವರ ಪರದೆಯಲ್ಲಿ ಆ ಆರರ ಅವಸ್ಥೆ ನೋಡಬೇಕಿತ್ತು. ‘ಸ್ತ್ರೀ’ಯ ಕೆಳಗಿದ್ದ ಎರಡು ಒತ್ತುಗಳನ್ನು ಯಾರೋ ಬ್ಲೇಡಿನಲ್ಲಿ ಸವರಿದಂತೆ ಹೋಗಿ ಬರೀ ‘ಸೀ’ ಉಳಿದಿತ್ತು. ‘ಆರೋಗ್ಯ’ದ ಯ ಒತ್ತು ಅರ್ಧ ಹಾರಿಹೋಗಿ, ಮೊದಲ ನೋಟಕ್ಕೆ ‘ಆ ರೋಗ’ ಎಂದು ಕಾಣುತ್ತಿತ್ತು. ಕೊನೆಯ ‘ಅಭಿಪ್ರಾಯ’ವಂತೂ ಸಾಲಿನಲ್ಲಿ ಜಾಗ ಸಾಲದೆ ಕೆಳಗೆ ಬಿದ್ದು, ಸಮಾಜದ ದೊಡ್ಡ ಹೆಸರಿನ ಪಟ್ಟಿಯಡಿ ಹುದುಗಿಹೋಗಿತ್ತು. ಒತ್ತಲು ಹೋದರೆ ಕೈಗೆ ಸಿಗದು. ಪಾಪ, ಅವರಿಗೆ ಬೇಕಾಗಿದ್ದದ್ದು ಅದೇ. ನಮ್ಮ ಒಂದು ಲೇಖನದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಎರಡು ದಿನದಿಂದ ಒದ್ದಾಡಿದ್ದರು.

ತಾಣ ಮಾಡಿಕೊಟ್ಟ ಹುಡುಗನಿಗೆ ಫೋನು ಮಾಡಿದೆ. “ಆಂಟಿ, ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ” ಎಂದ. ನಿಜಕ್ಕೂ ಸರಿಯಾಗಿಯೇ ಇತ್ತು; ಚಿತ್ರ ತೆಗೆದು ಕಳಿಸಿದ. ಆರೂ ಮಾತುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಸಾಲಿನಲ್ಲಿ ನಿಂತಿದ್ದವು. ವಿಷಯ ಸಮಿತಿಯ ಸಭೆಗೆ ಬಂತು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಪರಿಹಾರವೂ ಬಂತು: “ಮೆನು ಇಂಗ್ಲಿಷಿನಲ್ಲೇ ಹಾಕಿಬಿಡೋಣ. ಹೋಮ್, ಹೆಲ್ತ್, ಕಾಂಟ್ಯಾಕ್ಟ್. ಚಿಕ್ಕ ಮಾತುಗಳು, ಚೊಕ್ಕವಾಗಿ ಕೂರುತ್ತವೆ.” ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ ಎಂದು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆಯೇ ನನಗೆ ಹೊಳೆದದ್ದು. ಒತ್ತಕ್ಷರ ಕಾಣಿಸದೆ ಸೋತ ಕನ್ನಡದ ಟೀಚರಿಗೆ ನಾವು ಕೊಟ್ಟ ಮದ್ದು, ಅಕ್ಷರವನ್ನೇ ತೆಗೆದುಹಾಕುವುದು!

ನಾನು ಕಂಪ್ಯೂಟರ್ ಓದಿದವಳಲ್ಲ. ಆದರೆ ಸಾರು ಕೆಟ್ಟರೆ ಉಪ್ಪು ಹೆಚ್ಚಾಯಿತೋ ಹುಳಿ ಹೆಚ್ಚಾಯಿತೋ ಎಂದು ಹುಡುಕುವುದು ನಮಗೆಲ್ಲ ಬರುವ ವಿದ್ಯೆಯಲ್ಲವೇ? ಎರಡನ್ನೂ ಒಟ್ಟಿಗೆ ಸರಿಮಾಡಲು ಹೋದರೆ ತಪ್ಪು ಯಾವುದೆಂದು ಎಂದಿಗೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ರುಚಿ ನೋಡಬೇಕು. ಮರುದಿನ ಟೀಚರಮ್ಮನವರ ಮನೆಯಲ್ಲಿ ಹಾಗೇ ಮಾಡಿದೆ.

ಮೊದಲು, ಪುಟ ಏನಾದರೂ ಹಿಗ್ಗಿದೆಯೇ ಎಂದು ಕಂಟ್ರೋಲ್ ಕೀಲಿಯೊಂದಿಗೆ ಸೊನ್ನೆ ಒತ್ತಿದೆ. ಹಾಗೆ ಒತ್ತಿದರೆ ಪುಟ ನೂರಕ್ಕೆ ನೂರರ ಅಳತೆಗೆ ಮರಳುತ್ತದೆ. ಏನೂ ಬದಲಾಗಲಿಲ್ಲ. ಆಮೇಲೆ, ಅವರು ಬಳಸುತ್ತಿದ್ದ ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರಿನಲ್ಲಿ ಅದೇ ಪುಟ ತೆರೆದೆ. ಅಲ್ಲಿ ‘ಸ್ತ್ರೀ’ಗೆ ಅವಳ ಒತ್ತುಗಳು ಮರಳಿ ಬಂದಿದ್ದವು! ಆದರೆ ‘ಅಭಿಪ್ರಾಯ’ ಮಾತ್ರ ಇನ್ನೂ ಕೆಳಗೇ ಬಿದ್ದಿತ್ತು. ಅಂದರೆ ರೋಗ ಒಂದಲ್ಲ, ಎರಡು.

ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಫಾಂಟುಗಳ ವಿಭಾಗಕ್ಕೆ ಹೋದಾಗ ಒಂದನೆಯದು ಸಿಕ್ಕಿತು. ಕಣ್ಣಿಗೆ ಪೊರೆ ಬಂದಿದ್ದ ಕಾಲದಲ್ಲಿ ಅವರ ಮಗ, ಅಕ್ಷರ ಎಂದೂ 20 ಪಿಕ್ಸೆಲ್‌ಗಿಂತ ಚಿಕ್ಕದಾಗಬಾರದೆಂದು ಅಲ್ಲಿ ಗುರುತು ಹಾಕಿಕೊಟ್ಟಿದ್ದ. ಬ್ರೌಸರುಗಳ ರೂಢಿಯ ಅಳತೆ 16. ನಮ್ಮ ಹುಡುಗ ಮೆನುವಿನ ಪೆಟ್ಟಿಗೆಗಳ ಎತ್ತರವನ್ನು ಆ 16ಕ್ಕೇ ಹೊಂದಿಸಿ, ಅದನ್ನು ಮೀರಿದ್ದನ್ನು ಅಡಗಿಸಿಬಿಡು ಎಂದು ಆಜ್ಞೆ ಬರೆದಿದ್ದ. ಅಕ್ಷರ ದೊಡ್ಡದಾಯಿತು, ಪೆಟ್ಟಿಗೆ ದೊಡ್ಡದಾಗಲಿಲ್ಲ, ಒತ್ತು ಅಡಗಿಹೋಯಿತು.

ಎರಡನೆಯದಕ್ಕೆ ಇನ್ನೂ ಸ್ವಲ್ಪ ಒಳಹೋಗಬೇಕಾಯಿತು. ಮೆನುವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್ಸ್‌ಪೆಕ್ಟ್’ ಎಂಬುದನ್ನು ಆರಿಸಿದರೆ ಪುಟದ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಹೆದರಬೇಕಾಗಿಲ್ಲ, ಅಲ್ಲಿ ಏನು ಮಾಡಿದರೂ ನಮ್ಮ ಪರದೆಯಲ್ಲಷ್ಟೇ, ಪುಟವನ್ನು ಮತ್ತೆ ತೆರೆದರೆ ಎಲ್ಲ ಮೊದಲಿನಂತೆ. ‘ಕಂಪ್ಯೂಟೆಡ್’ ಎಂಬ ಅಂಕಣದ ಕೊನೆಯಲ್ಲಿ, ಈ ಅಕ್ಷರವನ್ನು ನಿಜಕ್ಕೂ ಯಾವ ಫಾಂಟಿನಿಂದ ಬರೆಯಲಾಗಿದೆ ಎಂದು ಕ್ರೋಮ್ ತಾನೇ ಹೇಳುತ್ತದೆ. ಅಲ್ಲಿ ಇದ್ದದ್ದು ನಿರ್ಮಲಾ ಯುಐ, ಅಂದರೆ 2012ರ ವಿಂಡೋಸ್ 8ರಿಂದ ವಿಂಡೋಸಿನ ಜೊತೆಗೇ ಬರುವ ಫಾಂಟ್. ಹುಡುಗ ಬರೆದಿಟ್ಟಿದ್ದ ಹೆಸರು ಬೇರೆ. ಸಪೂರ ಅಕ್ಷರಗಳ ಒಂದು ಕನ್ನಡ ಫಾಂಟಿನದು. ಅವನು ಹೆಸರನ್ನು ಬರೆದಿದ್ದನೇ ಹೊರತು ಫಾಂಟನ್ನು ಪುಟದ ಜೊತೆ ಕಳಿಸಿರಲಿಲ್ಲ. ಅವನ ಕಂಪ್ಯೂಟರಿನಲ್ಲಿ ಅದು ಮೊದಲೇ ಇದ್ದುದರಿಂದ ಅವನಿಗೆ ಕೊರತೆ ಕಾಣಲಿಲ್ಲ. ನೆಂಟರ ಮನೆಗೆ ಹೋಗಿ ‘ನಮ್ಮ ಊರಿನ ಬೆಲ್ಲದಲ್ಲೇ ಹೋಳಿಗೆ ಮಾಡಿ’ ಎಂದು ಹೇಳಿ, ಬೆಲ್ಲ ಒಯ್ಯುವುದನ್ನು ಮರೆತಂತೆ. ಅವರು ಮನೆಯಲ್ಲಿದ್ದ ಬೆಲ್ಲದಲ್ಲೇ ಮಾಡುತ್ತಾರೆ. ಬ್ರೌಸರೂ ಅಷ್ಟೆ. ಹೇಳಿದ ಫಾಂಟ್ ಸಿಗದಿದ್ದರೆ ಕೈಗೆ ಸಿಕ್ಕ ಕನ್ನಡ ಫಾಂಟನ್ನು ಹಾಕುತ್ತದೆ. ವಿಂಡೋಸಿನಲ್ಲಿ ನಿರ್ಮಲಾ, ಆ್ಯಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್, ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ. ಎಲ್ಲಕ್ಕೂ 16 ಎಂದೇ ಅಳತೆ ಹೇಳಿದರೂ ಒಂದರ ‘ಕಾರ್ಯಕ್ರಮಗಳು’ ಇನ್ನೊಂದರ ‘ಕಾರ್ಯಕ್ರಮಗಳು’ವಿನಷ್ಟೇ ಉದ್ದ ಇರಬೇಕೆಂದಿಲ್ಲ. ‘38ರ ರವಿಕೆ’ ಎಂದು ಎರಡು ಅಂಗಡಿಯಲ್ಲಿ ಕೊಂಡು ನೋಡಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ರವಿಕೆಯ ಮಾತು ಸುಮ್ಮನೆ ಬಂದದ್ದಲ್ಲ. ಈ ಮೆನುಗಳನ್ನು ನೋಡಿದರೆ ನನಗೆ ಬೇರೆಯವರ ಅಳತೆಗೆ ಹೊಲಿದ ರವಿಕೆಯೇ ನೆನಪಾಗುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಸಣ್ಣಕ್ಷರಗಳಲ್ಲಿ ಗೆರೆಯಿಂದ ಕೆಳಗಿಳಿಯುವವು ಜಿ, ಜೆ, ಪಿ, ಕ್ಯೂ, ವೈ ಎಂಬ ಐದೇ. ಅವೂ ಗಿಡ್ಡ ಬಾಲದವು. ನಮ್ಮಲ್ಲಿ ಹಾಗಲ್ಲ. ಮೇಲೆ ಗುಡಿಸು, ಎತ್ವ. ಕೆಳಗೆ ಒತ್ತು, ಒತ್ತಿನ ಪಕ್ಕ ಮತ್ತೊಂದು ಒತ್ತು. ಕನ್ನಡದ ಸಾಲಿಗೆ ಮೇಲೂ ಕೆಳಗೂ ಉಸಿರಾಡಲು ಜಾಗ ಬೇಕು. ‘ಹೋಮ್’ ಎಂಬ ಇಂಗ್ಲಿಷಿನ ನಾಲ್ಕಕ್ಷರಕ್ಕೆ ಅಳತೆ ತೆಗೆದು ಪೆಟ್ಟಿಗೆ ಹೊಲಿದು, ಅದರೊಳಗೆ ‘ಸ್ತ್ರೀ ಆರೋಗ್ಯ’ವನ್ನು ತುರುಕಿ, ತೋಳು ಹಿಡಿಯಿತು ಎಂದರೆ ‘ನೀವು ದಪ್ಪಗಾಗಿದ್ದೀರಿ ಅಮ್ಮಾ’ ಎನ್ನುವ ದರ್ಜಿಗೂ, ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ’ ಎನ್ನುವ ಹುಡುಗನಿಗೂ ಏನು ವ್ಯತ್ಯಾಸ? ಇಬ್ಬರೂ ತಮ್ಮ ಹೊಲಿಗೆಯನ್ನು ಬಿಟ್ಟು ತೊಟ್ಟವಳನ್ನು ನೋಡುತ್ತಾರೆ. ಇನ್ನೂ ಬೇಸರದ ಸಂಗತಿಯೆಂದರೆ ತೊಟ್ಟವಳೂ ಕನ್ನಡಿಯ ಮುಂದೆ ನಿಂತು ತನ್ನನ್ನೇ ಬೈದುಕೊಳ್ಳುತ್ತಾಳೆ. ಮೂವತ್ತು ವರ್ಷ ಕನ್ನಡ ಕಲಿಸಿದವರು ‘ನನಗೆ ಓದು ಮರೆತಿತೇನೋ’ ಎಂದುಕೊಂಡದ್ದು ಅದೇ ಬಗೆ.

ಹುಡುಗನನ್ನಷ್ಟೇ ದೂರಿದರೆ ಅನ್ಯಾಯವಾದೀತು. ನಾವು ಕೊಟ್ಟ ದುಡ್ಡು ಅಷ್ಟಕ್ಕಷ್ಟೆ. ‘ಐವತ್ತು ದಾಟಿದವರು ಓದುವ ಪುಟವಪ್ಪಾ ಇದು’ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾವು ನೋಡಿದ್ದು ಬಣ್ಣ ಮತ್ತು ಉದ್ಘಾಟನೆಯ ಫೋಟೋ.

ಒಂದು ಕಾಲವಿತ್ತು. 1990ರ ದಶಕದ ಕೊನೆಗೆ ಜಾಲದಲ್ಲಿ ಕನ್ನಡ ಓದಬೇಕಾದರೆ ಪುಟಕ್ಕೊಂದು ಫಾಂಟನ್ನು ಇಳಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೊಜ್ಜು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಅದು ನಮ್ಮ ಮನೆಯ ಯಂತ್ರಗಳವರೆಗೆ ಬರಲು ವರ್ಷಗಳು ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಕನ್ನಡ ಫಾಂಟ್ ಬಂತು. ಈಗ ಎಲ್ಲಿ ತೆರೆದರೂ ಕನ್ನಡ ಹೇಗೋ ಒಂದು ರೀತಿ ಕಾಣುತ್ತದೆ. ಆ ‘ಹೇಗೋ’ ಎಂಬುದರಲ್ಲೇ ನಾವು ತೃಪ್ತರಾಗಿಬಿಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪ. ಮನೆಗೆ ಬಂದವರನ್ನು ಒಳಗೆ ಕರೆದರೆ ಸಾಲದು, ಕೂರಲು ಜಾಗವನ್ನೂ ಕೊಡಬೇಕು.

ಹೀಗಿರುವಾಗ ಇಂಗ್ಲಿಷ್ ಹಾಕಿಬಿಡೋಣ ಎಂಬುದು ಪರಿಹಾರವಲ್ಲ, ತಪ್ಪಿಸಿಕೊಳ್ಳುವ ದಾರಿ. ಅದರಿಂದ ಮೂಲದೋಷವೂ ಹೋಗುವುದಿಲ್ಲ. ಕಣ್ಣು ಮಂದವಾದವರು ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿದರೆ ‘ಹೋಮ್’ ಕೂಡ ಪೆಟ್ಟಿಗೆಯಿಂದ ಹೊರಬೀಳುತ್ತದೆ. ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು 2008ರಲ್ಲೇ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು, ಅಕ್ಷರವನ್ನು ಎರಡರಷ್ಟು ಹಿಗ್ಗಿಸಿದರೂ ಪುಟದಲ್ಲಿ ಏನೂ ಕಳೆದುಹೋಗಬಾರದು ಎಂದು ಹೇಳುತ್ತದೆ. ಟೀಚರಮ್ಮ 16ನ್ನು 20 ಮಾಡಿಕೊಂಡದ್ದು ಕಾಲುಪಾಲು ಹೆಚ್ಚು, ಅಷ್ಟೆ. ಅದು ಅವರ ತಪ್ಪಲ್ಲ, ಹಕ್ಕು.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಖಜಾಂಚಿಯವರು ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಕೊನೆಗೆ ಒಪ್ಪಿದರು. ಹುಡುಗನೂ ಒಳ್ಳೆಯವನೇ, ಕಾರಣ ಗೊತ್ತಾದ ಮೇಲೆ ಅರ್ಧ ದಿನದಲ್ಲಿ ಕೆಲಸ ಮುಗಿಸಿದ. ಇಂಥದೇ ತೊಂದರೆ ನಿಮ್ಮ ಊರಿನ ಸಂಘದ ಪುಟಕ್ಕೂ ಇದ್ದೀತೆಂದು ಅವನು ಮಾಡಿದ್ದನ್ನು ಹೇಳುತ್ತೇನೆ. ಮುಕ್ತ ಪರವಾನಗಿಯ ನೋಟೋ ಸಾನ್ಸ್ ಕನ್ನಡವನ್ನು ಪುಟದ ಜೊತೆಗೇ ಬರುವಂತೆ ಇಟ್ಟ. ಈಗ ಬೆಲ್ಲ ನಮ್ಮ ಮನೆಯಿಂದಲೇ ಹೋಗುತ್ತದೆ. ಅದು ತಲುಪದಿದ್ದರೆ ಯಾವುದನ್ನು ಬಳಸಬೇಕೆಂದು ಮುಂದಿನ ಹೆಸರುಗಳನ್ನೂ ಬರೆದ. ಪೆಟ್ಟಿಗೆಗಳಿಗೆ ಇಂತಿಷ್ಟೇ ಎತ್ತರ ಎಂಬುದನ್ನು ತೆಗೆದುಹಾಕಿ, ಒಳಗಿನ ಅಕ್ಷರ ಬೆಳೆದಷ್ಟೂ ಬೆಳೆಯಲು ಬಿಟ್ಟ. ಮೀರಿದ್ದನ್ನು ಅಡಗಿಸು ಎಂಬ ಆಜ್ಞೆ ಅಳಿಸಿದ. ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆಗಿಂತ ಸ್ವಲ್ಪ ಹೆಚ್ಚಿಟ್ಟ. ಸಾಲು ತುಂಬಿದರೆ ಮುಂದಿನ ಮಾತು ಎರಡನೆಯ ಸಾಲಿಗೆ ಮರ್ಯಾದೆಯಿಂದ ಇಳಿಯಲಿ, ಕೆಳಗಿನ ಹೆಸರಿನ ಪಟ್ಟಿ ತಾನೇ ಅಷ್ಟು ಕೆಳಗೆ ಸರಿಯಲಿ ಎಂದು ಮಾಡಿದ. ನಾನು ಒಂದು ಮಾತನ್ನು ಮೊಟಕುಗೊಳಿಸಿದೆ: ‘ಕಾರ್ಯಕ್ರಮಗಳು’ ‘ಕಾರ್ಯಕ್ರಮ’ವಾಯಿತು. ಅದು ಫಾಂಟಿನ ಸಲುವಾಗಿ ಅಲ್ಲ, ಕನ್ನಡದಲ್ಲಿ ಹಾಗೇ ಚೆನ್ನ.

ಪರೀಕ್ಷೆಗೆ ಟೀಚರಮ್ಮನವರ ಮನೆಗೇ ಹೋದೆವು, ಹುಡುಗನನ್ನೂ ಕರೆದುಕೊಂಡು. ಅವರ ಕಂಪ್ಯೂಟರಿನಲ್ಲಿ ಎರಡು ಸಾಲಾಯಿತು, ಅವರ ಫೋನಿನಲ್ಲಿ ಮೂರು. ಹುಡುಗ ಮುಖ ಚಿಕ್ಕದು ಮಾಡಿ, “ನೋಡಲು ಅಷ್ಟು ಚೆನ್ನಾಗಿಲ್ಲ ಮೇಡಂ” ಎಂದ. “ಇರಲಿ ಬಿಡು, ಓದಲು ಬರುತ್ತದಲ್ಲ” ಎಂದು ಅವರು ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದಿಸುವ ದನಿಯಲ್ಲಿ, ಒಂದೊಂದು ಒತ್ತನ್ನೂ ಒತ್ತಿ ಓದುತ್ತ ಬಂದರು. ಮುಖಪುಟ. ನಮ್ಮ ಬಗ್ಗೆ. ಸ್ತ್ರೀ ಆರೋಗ್ಯ. ಅಡುಗೆ. ಕಾರ್ಯಕ್ರಮ. ಕೊನೆಯ ಮಾತಿಗೆ ಬಂದು ನಿಂತರು. ಇಷ್ಟು ದಿನ ಅವರ ಪರದೆಯಲ್ಲಿ ಹೆಸರಿನ ಪಟ್ಟಿಯಡಿ ಹುದುಗಿದ್ದ ಮಾತು ಅದು.

“ಅ-ಬಿ-ಪ್ರಾ-ಯ,” ಎಂದು ಓದಿ ನನ್ನ ಕಡೆ ತಿರುಗಿದರು. “ಮಹಾಪ್ರಾಣ ಎಲ್ಲಿ ಹೋಯಿತೇ? ಇದೂ ಫಾಂಟಿನ ತಪ್ಪೋ?”

ಮೆನುವಿನ ಮಾತುಗಳನ್ನು ಬೆರಳಚ್ಚು ಮಾಡಿಕೊಟ್ಟಿದ್ದವಳು ನಾನೇ. ಹುಡುಗ ಕಿಟಕಿಯ ಕಡೆ ನೋಡುತ್ತ ನಗು ತಡೆದುಕೊಂಡ.