ಕಾಲುಂಗುರವೂ ಅಭಿಜ್ಞಾನವೂ

ಕೋಲಾರ ಸೀಮೆಯನ್ನು ಚಿನ್ನದ ನಾಡೆಂದು ಕರೆಯುವುದು ರೂಢಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಗೊಂಡ ಗಣಿಗಳು 2001ರಲ್ಲಿ ಮುಚ್ಚುವವರೆಗೂ ಅಲ್ಲಿಯ ನೆಲ ಕೊಟ್ಟದ್ದು ಚಿನ್ನವನ್ನೇ. ಆದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಒಕ್ಕಲುಮನೆಯ ಹೆಣ್ಣುಮಕ್ಕಳು ಕಾಲುಂಗುರ, ಪಿಲ್ಲಿ, ಕಾಲ್ಕಡಗ, ಡಾಬುಗಳಾಗಿ ತೊಟ್ಟದ್ದು ಬೆಳ್ಳಿಯನ್ನು. ಜನಪದ ಗೀತೆಗಳಲ್ಲಿ ಈ ಹೆಸರುಗಳು ಬಂದೆಡೆ ನಮ್ಮ ಟಿಪ್ಪಣಿಕಾರರು ‘ಒಂದು ಬಗೆಯ ಆಭರಣ’ ಎಂದು ಬರೆದು ಮುಂದೆ ಸಾಗುವರು. ಬೆಳ್ಳಿಯೆಂದರೆ ಬಡವರ ಚಿನ್ನವೆಂದು ವ್ಯಾಖ್ಯಾನಿಸುವವರೂ ಉಂಟು. ಮೊದಲನೆಯದು ಅಸಮಗ್ರ, ಎರಡನೆಯದು ತಪ್ಪು.

ಚಿನ್ನವು ಲಕ್ಷ್ಮೀಸ್ವರೂಪವಾದ್ದರಿಂದ ಅದನ್ನು ಪಾದಕ್ಕೆ ತೊಡಿಸಬಾರದೆಂಬುದು ನಮ್ಮವರ ಭಾವನೆ. ಸಿರಿವಂತರ ಮನೆಯ ಸೊಸೆಯ ಕಾಲಲ್ಲಿಯೂ ಬೆಳ್ಳಿಯೇ ಇದ್ದಿತು. ಅಂತಸ್ತು ತೋರುತ್ತಿದ್ದುದು ಲೋಹದಿಂದಲ್ಲ, ತೂಕದಿಂದ. ಕೃಷ್ಣದೇವರಾಯನು ಅಲ್ಲಸಾನಿ ಪೆದ್ದನನ ಕಾಲಿಗೆ ತಾನೇ ಪೊನ್ನ ಗಂಡಪೆಂಡೇರವನ್ನು ತೊಡಿಸಿದನೆಂಬ ಐತಿಹ್ಯದ ಘನತೆಯೂ ಈ ನಿಷೇಧವನ್ನು ಬಲ್ಲವರಿಗೇ ಪೂರ್ಣವಾಗಿ ವೇದ್ಯವಾದೀತು.

ಇನ್ನು ಒಲವಿನ ಕುರುಹಿನ ಮಾತು. ಕಾಳಿದಾಸನ ದುಷ್ಯಂತನು ಕೊಟ್ಟ ಉಂಗುರದಲ್ಲಿ ಅವನ ಹೆಸರಿದೆ. ಅದು ನೀರಿಗೆ ಬೀಳಬಹುದು, ಮೀನಿನ ಹೊಟ್ಟೆಯನ್ನು ಸೇರಬಹುದು. ಬೆಸ್ತನ ಕೈಗೆ ದೊರೆತರೂ ಸಾಕ್ಷ್ಯವೇ ಸರಿ. ಕಾಲುಂಗುರದಲ್ಲಿ ಯಾರ ಹೆಸರೂ ಇಲ್ಲ. ಹಲವು ಮನೆತನಗಳಲ್ಲಿ ಮದುವೆಯ ದಿನ ವರನೇ ಬಾಗಿ ವಧುವಿನ ಪಾದವನ್ನು ಹಿಡಿದು ಅದನ್ನು ತೊಡಿಸುವನು. (ಆ ಬಳಿಕ ಅವನು ಅಷ್ಟು ಬಾಗುವ ಪ್ರಸಂಗ ವಿರಳವೆಂದು ಹೇಳಿದರೆ ಅವಿನಯವಾಗಲಾರದು.) ವೈಧವ್ಯ ಬಂದರೆ ಅದನ್ನು ಕಳಚಿಸುವ ಸಂಪ್ರದಾಯವೂ ಇದ್ದಿತು. ಅರಸನ ಉಂಗುರ ಕಳೆದರೆ ಒಲವಿನ ಸಾಕ್ಷ್ಯ ಹೋಗುವುದು. ಕಾಲುಂಗುರ ಕಳಚಿದರೆ ಹೆಣ್ಣಿನ ಸ್ಥಾನವೇ ಹೋಗುತ್ತಿತ್ತು. ಒಲವು ಅಂತಸ್ತುಗಳೆರಡೂ ಒಂದೇ ಬೆಳ್ಳಿಯ ಸುತ್ತಿನಲ್ಲಿ ಬೆಸೆದಿರುವಾಗ, ಗೀತೆಯಲ್ಲಿ ಶೃಂಗಾರವನ್ನು ಮಾತ್ರ ಕಾಣುವ ವಿಮರ್ಶೆ ಅದರ ಅರ್ಧವನ್ನಷ್ಟೇ ಓದಿದಂತೆ.

ಡಾಬಿನ ಮಾತು ಬೇರೆ. ತುಂಬಿ ಹರಿವ ನದಿಯಿಲ್ಲದ, ಕೆರೆಯನ್ನೇ ನಚ್ಚಿದ ಈ ನಾಡಿನಲ್ಲಿ ಸೊಂಟದ ಬೆಳ್ಳಿ ಅಲಂಕಾರವೂ ಹೌದು, ಆಪದ್ಧನವೂ ಹೌದು. ಮಳೆ ತಪ್ಪಿದರೆ ಡಾಬನ್ನು ಒತ್ತೆಯಿಡಬಹುದು. ಮುತ್ತೈದೆ ಕಾಲುಂಗುರವನ್ನು ಒತ್ತೆಯಿಡಳು. ಎರಡನ್ನೂ ‘ಆಭರಣ’ವೆಂಬ ಒಂದೇ ಮಾತಿನಲ್ಲಿ ಅಡಗಿಸಿದ ಟಿಪ್ಪಣಿಯಿಂದ ವಿದ್ಯಾರ್ಥಿಗೆ ಈ ಭೇದ ತಿಳಿಯುವ ಬಗೆಯೆಂತು? ಯಾವ ಅಂಗಕ್ಕೆ, ಯಾರಿಂದ, ಯಾವಾಗ ಎಂಬ ಮೂರು ವಿವರಗಳನ್ನಾದರೂ ಸಂಪಾದಕರು ಕೊಡಬೇಕು.

ಈ ಸೀಮೆಯಲ್ಲಿ ತೆಲುಗು ಹಾಡುಗಳೂ ಹೇರಳ. ಅಲ್ಲಿ ಕಾಲುಂಗುರಕ್ಕೆ ‘ಮೆಟ್ಟೆಲು’ ಎಂದು ಹೆಸರು. ಕನ್ನಡಿಸುವವರು ಲಯದ ಆಸೆಗೆ ಅದನ್ನು ‘ಗೆಜ್ಜೆ’ ಎಂದು ತಿರುಗಿಸಿದರೆ, ಹಾಡಿನ ಗೃಹಿಣಿ ಒಂದೇ ಪದದಿಂದ ಮದುವೆಯಾಗದ ಹುಡುಗಿಯಾಗಿಬಿಡುವಳು.