ಹಾಜರಿ ಪುಸ್ತಕದಲ್ಲಿಲ್ಲದ ಮಕ್ಕಳ ಮನಸ್ಸು

ನಿರಾಶ್ರಿತರೆಂದರೆ ನಮಗೆ ಮೊದಲು ನೆನಪಾಗುವುದು ಅಕ್ಕಿ, ಕಂಬಳಿ, ಟಾರ್ಪಾಲು. ರಂಜಾನ್ ತಿಂಗಳಲ್ಲಿ ನಮ್ಮ ಸಂಘಗಳು ಕಿಟ್ ಹಂಚುತ್ತವೆ, ಅದು ಬೇಕಾದದ್ದೇ. ಆದರೆ ಆ ಟಾರ್ಪಾಲಿನ ಕೆಳಗೆ ಮಲಗುವ ಮಗುವಿನ ಮನಸ್ಸಿಗೆ ಏನಾಗಿದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ವರ್ಷಗಟ್ಟಲೆ ಪಟ್ಟುಹಿಡಿದು ಕೇಳುತ್ತ ಬಂದವರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯೆ ಮೀನಾ ಫಜಲ್ ಒಬ್ಬರು. ಅವರ ಸಂಶೋಧನೆಯನ್ನು ನಾವು ಹೆಬ್ಬಾಳವನ್ನು ಎದುರಿಗಿಟ್ಟುಕೊಂಡು ಓದಬೇಕಾಗಿದೆ.

ಹೆಬ್ಬಾಳವೇ ಏಕೆ? ಅದರ ಸಮೀಪದ ದಾಸರಹಳ್ಳಿಯ ಕಡೆ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ಶೆಡ್ಡು ಹಾಕಿಕೊಂಡು, ಈ ನಗರದ ಕಸದಿಂದ ಪ್ಲಾಸ್ಟಿಕ್, ಬಾಟಲಿ, ರಟ್ಟು ಬೇರ್ಪಡಿಸಿ ಹೊಟ್ಟೆ ಹೊರೆದಿವೆ. ಬೆಂಗಳೂರಿನಲ್ಲಿ 72 ರೋಹಿಂಗ್ಯಾಗಳನ್ನು ಗುರುತಿಸಲಾಗಿದೆ, ಅವರನ್ನು ಕೂಡಲೇ ಗಡೀಪಾರು ಮಾಡುವ ಯೋಚನೆಯಿಲ್ಲ ಎಂದು 2021ರಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆಮೇಲೆ ಆ ಮಾತನ್ನು ತಿದ್ದಿ, ಕೋರ್ಟಿನ ಆದೇಶದಂತೆ ನಡೆಯುವುದಾಗಿ ಹೇಳಿತು. ಅಫಿಡವಿಟ್ಟಿನ ಒಂದು ವಾಕ್ಯ ಬದಲಾದರೆ ಆ ಶೆಡ್ಡುಗಳಲ್ಲಿ ಎಷ್ಟು ಜನರ ನಿದ್ದೆ ಕೆಡುತ್ತದೆಯೋ!

ಫಜಲ್ ಮತ್ತು ಸಂಗಡಿಗರು 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ, ಶ್ರೀಮಂತ ದೇಶಗಳಿಗೆ ಬಂದ ನಿರಾಶ್ರಿತ ಮಕ್ಕಳ ಬಗೆಗಿನ 44 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹಿಂಸೆಯನ್ನು ಕಂಡದ್ದು, ಅನುಭವಿಸಿದ್ದು ಮಗುವನ್ನು ತುಂಬ ಕೆಡಿಸುತ್ತದೆ ಎಂಬುದು ನಾವೂ ಊಹಿಸಬಲ್ಲ ಮಾತು. ಮುಖ್ಯವಾದುದು ಅದರ ಮುಂದಿನದು. ಬಂದ ಮೇಲೂ ಮತ್ತೆ ಮತ್ತೆ ಜಾಗ ಬದಲಿಸಬೇಕಾಗಿ ಬರುವುದು ಕೂಡ ಮಗುವನ್ನು ಕುಗ್ಗಿಸುತ್ತದೆ. ಒಂದೆಡೆ ನೆಲೆ ನಿಲ್ಲುವುದು, ತಂದೆತಾಯಿಯ ಆಸರೆ, ಗೆಳೆಯರು, ಶಾಲೆಯ ಒಳ್ಳೆಯ ಅನುಭವ ಅದನ್ನು ಕಾಯುತ್ತವೆ. ಅಂದರೆ ಗಾಯ ಬರೀ ಹಿಂದೆ ಬಿಟ್ಟುಬಂದ ಊರಿನಲ್ಲಿಲ್ಲ. ಬಂದು ಸೇರಿದ ಊರೂ ಗಾಯ ಮಾಡಬಲ್ಲದು, ಮಾಯಿಸಲೂ ಬಲ್ಲದು.

2016ರ ಇನ್ನೊಂದು ಅಧ್ಯಯನದಲ್ಲಿ ಅವರು ಬ್ರಿಟನ್ನಿನ ಮೂರು ನಗರಗಳಲ್ಲಿ ಚಿಕಿತ್ಸೆ ಮುಗಿಸಿದ 40 ನಿರಾಶ್ರಿತ ಹದಿಹರೆಯದವರನ್ನು ಮಾತನಾಡಿಸಿದರು. ಮೂವರಲ್ಲಿ ಇಬ್ಬರು, ವೈದ್ಯರನ್ನು ಶಾಲೆಯಲ್ಲೇ ಕಾಣುವುದು ತಮಗೆ ಇಷ್ಟ ಎಂದರು. ಮಕ್ಕಳನ್ನೇ ಕೇಳಿ, ಅವರ ಉತ್ತರವನ್ನು ತೂಕದ ಮಾತಾಗಿ ಸ್ವೀಕರಿಸಿದ್ದು ಈ ಸಂಶೋಧನೆಯ ದೊಡ್ಡ ಗುಣ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟವರ, ಬಾಗಿಲಿಗೇ ಬಾರದವರ ದನಿ ಇಲ್ಲಿಲ್ಲ. ಶಾಲೆಯೇ ಚಿಕಿತ್ಸೆಯ ಜಾಗ ಎನ್ನುವಾಗ, ಮಗು ಆಗಲೇ ಶಾಲೆಯಲ್ಲಿದೆ ಎಂಬ ನಂಬಿಕೆಯೂ ಅದರೊಳಗೆ ಸೇರಿಕೊಂಡಿರುತ್ತದೆ. ಹೆಬ್ಬಾಳದಲ್ಲಿ ನಾವು ಮೊದಲು ಎಡವುವುದು ಇಲ್ಲಿಯೇ.

ಇಲ್ಲಿಯೇ ಹುಟ್ಟಿದ ರೋಹಿಂಗ್ಯಾ ಮಗುವನ್ನು ತೆಗೆದುಕೊಳ್ಳಿ. ಅದು 2012ರ ಗಲಭೆಯನ್ನೂ ನೋಡಿಲ್ಲ, 2017ರ ಸೇನಾ ದಾಳಿಯನ್ನೂ ನೋಡಿಲ್ಲ. ಅದಕ್ಕೆ ಗೊತ್ತಿರುವುದು ಖಾಕಿ ಕಂಡಾಗ ಅಪ್ಪ ಮಾತು ನಿಲ್ಲಿಸುವುದು, ಜಾಗದ ಮಾಲೀಕ ಹೊರಡಿ ಎಂದಾಗ ಅಮ್ಮ ಗಂಟುಮೂಟೆ ಕಟ್ಟುವುದು. ಮುಗಿದುಹೋದ ಆಘಾತದ ನೆನಪನ್ನು ಅಳೆಯಲು ಮಾಡಿದ ಪ್ರಶ್ನಾವಳಿ, ಇನ್ನೂ ಮುಗಿಯದ ಈ ಭಯವನ್ನು ಹೇಗೆ ಅಳೆದೀತು? ರೋಹಿಂಗ್ಯಾ ಮಂದಿ ಮನಸ್ಸಿನ ನೋವಿಗೆ ಬಳಸುವ ಮಾತುಗಳಲ್ಲಿ ‘ಚಿಂತಾ’, ‘ಅಶಾಂತಿ’ ಎಂಬಂಥವು ಇವೆ. ಕನ್ನಡದವರಿಗಾಗಲೀ ಉರ್ದುವಿನವರಿಗಾಗಲೀ ಇವಕ್ಕೆ ಅರ್ಥಕೋಶ ಬೇಕಿಲ್ಲ. ಕಥೆ ಬರೆಯುವ ನಮಗೆ ಅನ್ನಿಸುವುದು ಇಷ್ಟೇ: ರೋಗದ ಹೆಸರು ಇಂಗ್ಲಿಷಿನಿಂದ ಬರುವ ಮೊದಲು ನೋವಿನ ಹೆಸರನ್ನು ಆ ಮನೆಯವರ ಬಾಯಿಂದಲೇ ಕೇಳಬೇಕು.

ಇದೇ ನಗರದ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮಕ್ಕಳ ಮನೋವೈದ್ಯಕೀಯಕ್ಕೆ ದೇಶದಲ್ಲೇ ಹೆಸರಾದ ಸಂಸ್ಥೆ. ಆದರೆ ದಿನದ ಕೂಲಿ ಕಳೆದುಕೊಂಡು, ಕೈಯಲ್ಲಿ ಆಧಾರ್ ಇಲ್ಲದೆ, ಭಾಷೆ ಬಾರದೆ ಅಲ್ಲಿಯವರೆಗೆ ಹೋಗುವುದು ಎಷ್ಟು ತಾಯಂದಿರಿಗೆ ಸಾಧ್ಯ? ಹತ್ತಿರದ ಸರಕಾರಿ ಶಾಲೆಗಾದರೆ ಮಗು ನಡೆದೇ ಹೋಗಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ‘ಪ್ರತಿ ಮಗು’ ಎನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದೂ ಹೇಳುತ್ತದೆ. ದಿಲ್ಲಿಯ ರೋಹಿಂಗ್ಯಾ ಮಕ್ಕಳು ಸರಕಾರಿ ಶಾಲೆಗಳಲ್ಲಿ ಪ್ರವೇಶ ಕೇಳಬಹುದು, ಕೊಡದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿಂದಿ ಆಯುವ ಕುಟುಂಬ ಹೈಕೋರ್ಟಿನವರೆಗೆ ಹೋಗಬೇಕಾಗಿ ಬರುವುದೇ ಒಂದು ಅಶಾಂತಿ.

ಫಜಲ್ ಅವರ ಸಂಶೋಧನೆ ದೂರದ ದೇಶದ್ದೆಂದು ನಾವು ಅದನ್ನು ಪಕ್ಕಕ್ಕಿಡಬಾರದು. ಹಾಗೆಯೇ ಎತ್ತಿ ತಂದು ಇಲ್ಲಿ ನೆಡಲೂ ಬಾರದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರ ಓದುವವರು ದಾಸರಹಳ್ಳಿಯ ಶೆಡ್ಡುಗಳ ಮುಂದೆ ಕುಳಿತು ಆ ಮಕ್ಕಳನ್ನು ಕೇಳಲಿ. ಅಲ್ಲಿಯವರೆಗೆ, ಕಿಟ್ ಹಂಚಲು ಹೋಗುವ ನಮ್ಮ ಸಂಘಗಳು ಇನ್ನೊಂದು ಕೆಲಸವನ್ನೂ ಮಾಡಲಿ: ಒಂದೊಂದು ಮಗುವಿನ ಕೈ ಹಿಡಿದು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಲಿ, ಹಾಜರಿ ಪುಸ್ತಕದಲ್ಲಿ ಅದರ ಹೆಸರು ಬರೆಯುವವರೆಗೂ ಅಲ್ಲಿಂದ ಏಳದಿರಲಿ.