ಜಯಪತ್ರ ಬೇಡದ ಶರೀಫರು

ಶಿಶುನಾಳ ಶರೀಫರ ಹೆಸರು ಬಂದೊಡನೆ ನಮ್ಮ ಭಾಷಣಕಾರರ ಬಾಯಿಗೆ ಬರುವ ಮೊದಲ ಮಾತು 'ಭಾವೈಕ್ಯ'. 1990ರಲ್ಲಿ ಟಿ.ಎಸ್. ನಾಗಾಭರಣ ತೆಗೆದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಬಂದದ್ದೂ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೇ. ಶ್ರೀಧರ್ ಮತ್ತು ಗಿರೀಶ ಕಾರ್ನಾಡರ ಅಭಿನಯ, ಸಿ. ಅಶ್ವತ್ಥರ ಸಂಗೀತದಿಂದ ಶರೀಫರು ಮನೆಮನೆ ತಲುಪಿದರು. ಆ ಉಪಕಾರ ಸಣ್ಣದಲ್ಲ. ಆದರೆ 'ಭಾವೈಕ್ಯ' ಎಂಬ ಮಾತು ಅವರನ್ನು ಎರಡು ಸಮಾಜಗಳ ನಡುವಿನ ಸೇತುವೆಯಾಗಿ ಮಾತ್ರ ನಿಲ್ಲಿಸುತ್ತದೆ. ಸೇತುವೆಗೆ ಸ್ವಂತ ಮನಸ್ಸಿಲ್ಲ. ಶರೀಫರಿಗೆ ಇತ್ತು.

1819ರಲ್ಲಿ ಇಂದಿನ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಹುಟ್ಟಿ, ಮುಲ್ಕಿ ಪರೀಕ್ಷೆ ಪಾಸಾಗಿ, ಕೆಲಕಾಲ ಶಾಲಾ ಮಾಸ್ತರರಾಗಿದ್ದ ಅವರು ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಆರಿಸಿಕೊಂಡರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರು, ಎರಡೂ ಕಡೆಯ ಜನ ಮುನಿದರು ಎಂದು ಕಥೆ ಹೇಳುತ್ತದೆ. ಶರೀಫರು ಮಾತ್ರ ಶರೀಫರಾಗಿಯೇ ಉಳಿದರು. ದೇವಿಯ ಪದ ಹಾಡಿದವರೇ ಮೊಹರಮ್ಮಿನ ಪದಗಳನ್ನೂ ಕಟ್ಟಿದರು. ಯಾವ ಕಡೆಯ ಅಪ್ಪಣೆಗೂ ಕಾಯಲಿಲ್ಲ. ಇದು ಭಾವೈಕ್ಯಕ್ಕಿಂತ ಮೊದಲು ಅಂತಃಸಾಕ್ಷಿಯ ಸಂಗತಿ. ಉರ್ದುವಿನಲ್ಲಿ ಅದಕ್ಕೆ 'ಜಮೀರ್' ಎನ್ನುತ್ತೇವೆ. ನಮ್ಮ ಸಂವಿಧಾನದ 25ನೇ ವಿಧಿಯೂ ಧರ್ಮದ ಆಚರಣೆ, ಪ್ರಚಾರಗಳಿಗಿಂತ ಮೊದಲು ಹೆಸರಿಸುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಆ ಹಕ್ಕು ಪ್ರತಿಯೊಬ್ಬ ವ್ಯಕ್ತಿಯದು.

ಇದೇ ಹಾವೇರಿ ಜಿಲ್ಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಹಳೆಯ ದಾಖಲೆಯೊಂದಿದೆ. ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ, ಏಕಾಂತದ ರಾಮಯ್ಯ ಜೈನರೊಡನೆ ಕಟ್ಟಿದ ಪಂಥವನ್ನು ಹೇಳುತ್ತದೆ: ತಲೆ ಅರಿದುಕೊಂಡು ಮರಳಿ ಪಡೆದ ಪವಾಡ, ಜಿನಬಿಂಬದ ಭಂಗ, ಕೊನೆಗೆ ದೊರೆ ಬಿಜ್ಜಳ ಕೊಟ್ಟ ಜಯಪತ್ರ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಯೋಚಿಸಬೇಕಾದದ್ದು ಆ ಜಯಪತ್ರದ ಬಗ್ಗೆ. ನಂಬಿಕೆಯ ಜಗಳಕ್ಕೆ ಅರಸೊತ್ತಿಗೆ ಮೊಹರು ಒತ್ತಿತು.

ಆ ಕಾಲ ಮುಗಿಯಿತೇ? ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗಲೇ, 2022ರಲ್ಲಿ, ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಅದರಂತೆ ಮತಾಂತರ ಬಯಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯಬೇಕು. ಬಲವಂತಕ್ಕೆ, ಮೋಸಕ್ಕೆ ಶಿಕ್ಷೆಯಾಗಲಿ, ಅದಕ್ಕೆ ಯಾರ ತಕರಾರೂ ಇರಲಾರದು. ಆದರೆ ಒಬ್ಬರ ಅಂತಃಸಾಕ್ಷಿಯನ್ನು ತಹಸೀಲ್ದಾರ ಕಚೇರಿಯ ಗೋಡೆಗೆ ಅಂಟಿಸಿ ಊರವರ ಒಪ್ಪಿಗೆ ಕೇಳಿದರೆ ಅದನ್ನು ಸ್ವಾತಂತ್ರ್ಯ ಎನ್ನಬಹುದೇ? 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸಂಪುಟ ಆ ಕಾಯ್ದೆಯನ್ನು ರದ್ದುಪಡಿಸಲು ತೀರ್ಮಾನಿಸಿತು. ಶರೀಫರು ಅಂಥ ಅರ್ಜಿ ತುಂಬಬೇಕಾಗಿದ್ದರೆ ಬಿಟ್ಟ ಧರ್ಮ, ಹಿಡಿದ ಧರ್ಮ ಎಂಬ ಜಾಗಗಳಲ್ಲಿ ಏನು ಬರೆಯುತ್ತಿದ್ದರು? ಅವರು ಯಾವುದನ್ನೂ ಬಿಟ್ಟವರಲ್ಲ.

ಸರ್ಕಾರವನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. ಜಮಾತಿಗೆ, ಮಠಕ್ಕೆ, ಓಣಿಯ ಹಿರಿಯರಿಗೂ ಜಯಪತ್ರ ಬರೆಯುವ ಚಟ ಇದೆ. 1889ರಲ್ಲಿ ತೀರಿಕೊಂಡ ಶರೀಫರ ಗದ್ದುಗೆಗೆ ಇಂದು ಎಲ್ಲರೂ ಕೈಮುಗಿಯುತ್ತೇವೆ. ನಮ್ಮದೇ ಮನೆಯ ಹುಡುಗನೊಬ್ಬ, ಹುಡುಗಿಯೊಬ್ಬಳು ಪರಧರ್ಮದ ಗುರುವಿನ ಬಳಿ ಕಲಿಯಲು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುವವರೂ ನಾವೇ. ಶರೀಫರ ಪದಗಳನ್ನು ಹಾಡುವ ಹಕ್ಕು ನಮಗಿದೆಯೇ ಎಂಬುದು ಆ ಬಾಗಿಲಲ್ಲಿ ತೀರ್ಮಾನವಾಗುತ್ತದೆ.